ಓಪಲ್ ರೆಸಿಪಿ ಕೇಳಿದ ದಿನ

ವೆಲ್ಮಾ ಹ್ಯಾಕರಳ ಮೂಗು, ನಾಲಿಗೆ ಎರಡೂ ಕೈಕೊಟ್ಟ ಮೇಲೆ ಇದು ಎರಡನೆಯ ಎಲೆ ಉದುರುವ ಕಾಲ. ಊರಿನಲ್ಲಿ ಒಬ್ಬರಿಗೂ ವಿಷಯ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವಳೇ ನೋಡಿಕೊಂಡಿದ್ದಳು. ಉಪ್ಪನ್ನು ಚಮಚದಲ್ಲಿ ಅಳೆದೇ ಹಾಕುತ್ತಿದ್ದಳು. ತಾರೀಖು ನೋಡದೆ ಹಾಲನ್ನು ಲೋಟಕ್ಕೆ ಬಗ್ಗಿಸುತ್ತಿರಲಿಲ್ಲ. ಮನೆಗೆ ಬಂದವರು, "ಆಹಾ, ಏನು ಘಮ ಬರ್ತಿದೆ!" ಎಂದರೆ ಅವಳೂ ಒಮ್ಮೆ ಮೂಗೆಳೆದು, "ಹೌದಲ್ವಾ?" ಎನ್ನುತ್ತಿದ್ದಳು.

ಇಂಡಿಯಾನಾದ ದಕ್ಷಿಣಕ್ಕೆ, ಸುಣ್ಣಕಲ್ಲಿನ ಗಣಿಗಳ ನಡುವೆ ಇರುವ ಆ ಸಣ್ಣ ಊರಿನಲ್ಲೇ ಅವಳು ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು. ಲೆಸ್ಟರ್ ಗಣಿಯಲ್ಲಿ ಕಲ್ಲು ಕೊಯ್ಯುತ್ತಿದ್ದ. ಅವಳು ಊರ ಶಾಲೆಯ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದೊಡ್ಡ ದೊಡ್ಡ ಪಾತ್ರೆಗಳ ಮುಂದೆ ನಿಲ್ಲುತ್ತಿದ್ದಳು. ಈಗ ನಡುವಯಸ್ಸಿಗೆ ಬಂದಿರುವ ಊರಿನ ಗಂಡಸರು ಹೆಂಗಸರೆಲ್ಲ ಅವಳ ಕೈಯ ಬಟಾಣಿ, ಅವಳ ಕೈಯ ಬ್ರೆಡ್ಡು ತಿಂದೇ ಬೆಳೆದವರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಗಂಡ ಹೆಂಡತಿ ಒಂದೆರಡು ವರ್ಷ ಮಾತಾಡಿದರು, ಆಮೇಲೆ ಬಿಟ್ಟರು.

ಎರಡು ಚಳಿಗಾಲದ ಹಿಂದೆ ಊರಿಗೆ ಊರೇ ಸೋಂಕಿನಿಂದ ಮಲಗಿದಾಗ ಇಬ್ಬರೂ ಆಸ್ಪತ್ರೆ ಸೇರಿದರು. ವೆಲ್ಮಾ ವಾಪಸು ಬಂದಳು, ಲೆಸ್ಟರ್ ಬರಲಿಲ್ಲ. ರುಚಿ ಹೋದದ್ದು ಅವಳಿಗೆ ಮೊದಲು ತಿಳಿಯಲೂ ಇಲ್ಲ. ಗಂಡ ಸತ್ತವಳಿಗೆ ಅನ್ನ ಮಣ್ಣಿನ ಹಾಗೆ ಆಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ ಎಂದುಕೊಂಡಿದ್ದಳು. ಹೂ ಬಿಡುವ ಕಾಲ ಬಂದು, ಕಿಟಕಿಯ ಪಕ್ಕದ ಲೈಲಾಕ್ ಗಿಡ ಮೈತುಂಬ ಹೂವಾಗಿ ನಿಂತರೂ ಮನೆಯೊಳಗೆ ಅದರ ಘಮ ಬರದೇ ಇದ್ದಾಗ ಅರ್ಥವಾಯಿತು. ಡಾಕ್ಟರು, "ಕೆಲವರಿಗೆ ವಾಪಸು ಬರುತ್ತೆ" ಎಂದರು. ಅಷ್ಟೇ ಅಂದರು.

ಇದನ್ನು ಅವಳು ಮುಚ್ಚಿಡಲು ಕಾರಣ ಅತ್ತೆ. ಲೆಸ್ಟರನ ತಾಯಿ ಹೇಜಲ್ ಒಳ್ಳೆಯ ಅಡುಗೆಯವಳು. ಮುಪ್ಪಿನಲ್ಲಿ ಒಂದು ವರ್ಷ ಪೈ ಕಡುಬಿಗೆ ಸಕ್ಕರೆ ಹಾಕುವುದನ್ನೇ ಮರೆತಳು. ಯಾರೂ ಏನೂ ಅನ್ನಲಿಲ್ಲ. ಆ ಊರಿನಲ್ಲಿ ಬಡಿಸಿದವಳ ಎದುರಿಗೆ ಅಡುಗೆ ಕೆಟ್ಟಿದೆ ಎನ್ನುವ ಪದ್ಧತಿ ಇಲ್ಲ. ಮುಂದಿನ ವರ್ಷ, ಊರೆಲ್ಲ ಚರ್ಚಿನಲ್ಲಿ ಒಟ್ಟಿಗೆ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲು ಫೋನು ಬಂತು: "ಹೇಜಲ್, ಈ ಸಲ ನೀವೇನೂ ತೊಂದ್ರೆ ತಗೋಬೇಡಿ, ಪೇಪರ್ ನ್ಯಾಪ್ಕಿನ್ ತಂದ್ರೆ ಸಾಕು." ಹೇಜಲ್ ನ್ಯಾಪ್ಕಿನ್ ತಂದಳು. ಚರ್ಚಿನ ನೆಲಮಾಳಿಗೆಯಲ್ಲಿ ಕೋಟು ಬಿಚ್ಚದೆ, ಬೇರೆ ಊರಿನ ನೆಂಟರ ಹಾಗೆ ಕುಳಿತು ಊಟ ಮಾಡಿ ಹೋದಳು. ಆ ಕುರ್ಚಿಯನ್ನು ವೆಲ್ಮಾ ಮರೆತಿರಲಿಲ್ಲ.

ವೆಲ್ಮಾಳದು ಪರ್ಸಿಮನ್ ಪುಡ್ಡಿಂಗು. ಆ ಊರಿನ ಹಬ್ಬದೂಟ ಅದಿಲ್ಲದೆ ಮುಗಿಯುವುದಿಲ್ಲ. ಪರ್ಸಿಮನ್ ಎಂದರೆ ನಮ್ಮ ತೂಪರೆ ಹಣ್ಣಿನ ದಾಯಾದಿ. ಕಾಯಿ ಬಾಯಿಗಿಟ್ಟರೆ ಒಗರಿಗೆ ನಾಲಿಗೆ ಸುತ್ತಿಕೊಳ್ಳುತ್ತದೆ. ಮರದಿಂದ ಕೀಳುವಂತಿಲ್ಲ, ತಾನಾಗಿ ಬಿದ್ದದ್ದನ್ನೇ ಆಯಬೇಕು. ಅಳಿಲು ಏಳುವ ಮೊದಲೇ ಲೆಸ್ಟರ್ ಬಕೆಟ್ಟು ಹಿಡಿದು ಮರದಡಿ ಬಗ್ಗಿರುತ್ತಿದ್ದ. ವೆಲ್ಮಾ ಆ ಹಣ್ಣನ್ನು ಜರಡಿಯಲ್ಲಿ ಹಾಕಿ ತಿಕ್ಕಿ, ಬೀಜ ಸಿಪ್ಪೆ ತೆಗೆದು, ತಿರುಳನ್ನು ಖಾಲಿ ಐಸ್‌ಕ್ರೀಮ್ ಡಬ್ಬಗಳಿಗೆ ತುಂಬಿ ಫ್ರೀಜರಿನಲ್ಲಿ ಇಡುತ್ತಿದ್ದಳು.

ನವೆಂಬರಿನ ಮೊದಲ ಶನಿವಾರ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಾರೆ. ಹಬ್ಬಕ್ಕೆ ತಾವು ಮಾಡುವುದನ್ನು ಮೊದಲೇ ಒಂದಿಷ್ಟು ಮಾಡಿ ತರುವುದು, ಒಬ್ಬರದನ್ನು ಒಬ್ಬರು ರುಚಿ ನೋಡುವುದು, ರೆಸಿಪಿ ಕೇಳಿ ಬರೆದುಕೊಳ್ಳುವುದು. ಹೊಗಳಿಕೆಗೆ ಅಲ್ಲಿ ಬೆಲೆಯಿಲ್ಲ, ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ. ನಿನ್ನ ರೆಸಿಪಿಯನ್ನು ಯಾರು ಕೇಳಿದರು ಎನ್ನುವುದೇ ತೀರ್ಪು. ಕೇಳಿದ ಮೇಲೆ ಕೊಡದೆ ಇರುವಂತಿಲ್ಲ.

ಈ ಹೊಗಳುವ ಪದ್ಧತಿಗೆ ಹೊರತಾದವಳು ಓಪಲ್ ಒಬ್ಬಳೇ. ಶಾಲೆಯ ಬಸ್ಸು ಓಡಿಸುತ್ತಿದ್ದ ಗಟ್ಟಿ ಹೆಂಗಸು. ಮಕ್ಕಳನ್ನು ಇಳಿಸಿ ಬಂದು ವೆಲ್ಮಾಳ ಅಡುಗೆಮನೆಯ ಹಿಂಬಾಗಿಲಲ್ಲಿ ಕಾಫಿ ಕುಡಿಯುತ್ತ, ಅಂದಿನ ಅಡುಗೆಯನ್ನು ಬೈಯುತ್ತ ಶುರುವಾದ ಗೆಳೆತನ ಅದು. ವೆಲ್ಮಾಳ ಪುಡ್ಡಿಂಗನ್ನು ಅವಳು ಪ್ರತಿ ವರ್ಷ ಬೈದಿದ್ದಳು. "ಚಕ್ಕೆ ಒಂದು ತುಂಡು ಹಾಕ್ದ್ಯಾ, ಇಲ್ಲಾ ಮರಾನೇ ಕಡಿದು ಹಾಕ್ದ್ಯಾ?" ಎಂದು ಒಂದು ವರ್ಷ. "ತಿಂದ್ರೆ ಸಾಯಲ್ಲ, ಅಷ್ಟು ಮಾತ್ರ ಹೇಳಬಲ್ಲೆ" ಎಂದು ಇನ್ನೊಂದು ವರ್ಷ. ಹಾಗನ್ನುತ್ತಲೇ ಎರಡನೆಯ ತುಂಡಿಗೆ ಕೈ ಹಾಕುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ಯಾರ ರೆಸಿಪಿಯನ್ನೂ ಕೇಳಿದವಳಲ್ಲ. ಹಬ್ಬ ಬಂತೆಂದರೆ ಅವಳದು ಕೋಳಿ ಸಾರಿನ ನೂಡಲ್ಸು, ಅದೊಂದೇ.

ಕಳೆದ ವರ್ಷ ವೆಲ್ಮಾ ಹೇಗೋ ದಾಟಿದ್ದಳು. ಹಣ್ಣು ಹೊಸದಾಗಿತ್ತು, ಕೈಗೆ ಅಳತೆ ಗೊತ್ತಿತ್ತು. ಈ ವರ್ಷ ಹೂವಿನ ಮೇಲೆ ಹಿಮ ಬಿದ್ದು ಮರ ಫಲ ಬಿಡಲಿಲ್ಲ. ಬೇರೆಯವರ ಹತ್ತಿರ ಕೇಳೋಣವೆಂದರೆ ಅವರ ಮರದಲ್ಲೂ ಇಲ್ಲ. ಆಗ ಫ್ರೀಜರಿನ ತಳದಲ್ಲಿದ್ದ ಎರಡು ಡಬ್ಬ ನೆನಪಾದವು. ಅದು ಲೆಸ್ಟರ್ ಕೊನೆಯ ಸಲ ಆಯ್ದ ಹಣ್ಣು. ಅವಳು ಅದನ್ನು ಮುಟ್ಟದೆ ಉಳಿಸಿದ್ದಳು. ಯಾಕೆ ಉಳಿಸಿದೆ ಎಂದು ಕೇಳಿದ್ದರೆ ಅವಳಿಂದ ಹೇಳಲಾಗುತ್ತಿರಲಿಲ್ಲ.

ಒಂದು ಡಬ್ಬ ಹೊರಗಿಟ್ಟಳು. ಕರಗಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಬಣ್ಣ ಸ್ವಲ್ಪ ಕಂದಿತ್ತು. ಹಳೆಯದಲ್ಲವೇ, ಇರುತ್ತದೆ ಎಂದುಕೊಂಡಳು. ಅಭ್ಯಾಸಬಲದಿಂದ ಬಗ್ಗಿ ಮೂಸಿದಳು. ಏನೂ ಇರಲಿಲ್ಲ. ಅವಳಿಗೆ ಈಗ ಯಾವುದರಲ್ಲೂ ಏನೂ ಇರುತ್ತಿರಲಿಲ್ಲ.

ಶನಿವಾರ ನೆಲಮಾಳಿಗೆಯಲ್ಲಿ ಉದ್ದ ಮೇಜಿನ ತುಂಬ ಪಾತ್ರೆಗಳು. ಎಲ್ಲವನ್ನೂ ನಡೆಸುವವಳು ಪಾದ್ರಿಯ ಹೆಂಡತಿ ಡಾರ್ಲೀನ್. ಅವಳು ತಂದ ಹುರುಳಿಕಾಯಿಯ ಗೊಜ್ಜಿನಲ್ಲಿ ಚಮಚ ಇಟ್ಟ ಓಪಲ್, "ಏನೇ ಡಾರ್ಲೀನ್, ಈ ಸಲ ಅಂಟು ಚೆನ್ನಾಗಿ ಬಂದಿದೆ. ನಮ್ಮನೆ ಗೋಡೆ ಕಾಗದ ಕಿತ್ತು ಬಂದಿದೆ, ಸ್ವಲ್ಪ ಕಟ್ಟಿಕೊಡು" ಎಂದಳು.

"ನಿಮ್ಮ ಬಾಯಿಗಷ್ಟು ಅಂಟಿಸ್ಕೊಳ್ಳಿ ಓಪಲ್, ಊರಿಗೇ ಪುಣ್ಯ ಬರುತ್ತೆ" ಎಂದಳು ಡಾರ್ಲೀನ್. ಎಲ್ಲರೂ ನಕ್ಕರು.

ವೆಲ್ಮಾಳ ಪುಡ್ಡಿಂಗಿನ ಸರದಿ ಬಂತು. ತುಂಡು ತುಂಡಾಗಿ ಕಾಗದದ ತಟ್ಟೆಗಳಿಗೆ ಹೋಯಿತು. ಡಾರ್ಲೀನ್ ಮೊದಲ ತುತ್ತು ಬಾಯಿಗಿಟ್ಟಳು, ಅಗಿದಳು, ಕಾಫಿ ಎತ್ತಿಕೊಂಡಳು.

"ಎಷ್ಟು... ಮೃದುವಾಗಿದೆ, ವೆಲ್ಮಾ."

"ಹೌದು, ಮೃದು ಅಂದ್ರೆ ಮೃದು" ಎಂದಳು ಪಕ್ಕದವಳು.

ವೆಲ್ಮಾ ಅವರಿವರ ಮುಖ ನೋಡಿದಳು. ಎಲ್ಲರೂ ತಿನ್ನುತ್ತಿದ್ದರು. ಆದರೆ ಯಾರೂ ಮಾತಾಡುತ್ತಿರಲಿಲ್ಲ. ಓಪಲ್ ಮಾತ್ರ ತಲೆ ಬಗ್ಗಿಸಿಕೊಂಡು, ಮದ್ದು ತಿನ್ನುವವಳ ಹಾಗೆ ಒಂದೊಂದೇ ಚಮಚ ಎತ್ತಿ, ತಟ್ಟೆಯನ್ನು ಪೂರ್ತಿ ಬಳಿದು ತಿಂದಳು. ಈಗ ಬೈಗುಳ ಬರುತ್ತದೆ ಎಂದು ವೆಲ್ಮಾ ಕಾದಳು. ಅದೊಂದು ಬಂದುಬಿಟ್ಟರೆ ಸಾಕಿತ್ತು.

ಓಪಲ್ ತಟ್ಟೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. "ವೆಲ್ಮಾ, ಇದನ್ನ ಹೇಗೆ ಮಾಡೋದು ಅಂತ ನಂಗೂ ಹೇಳ್ಕೊಡೆ. ಬರ್ಕೋತೀನಿ."

ವೆಲ್ಮಾ ಪುಡ್ಡಿಂಗಿನ ಪಾತ್ರೆಯ ಮುಚ್ಚಳ ಮುಚ್ಚಿದಳು. ಡಾರ್ಲೀನ್ ನೆಲ ನೋಡಿದಳು. ಯಾರೋ ಬೇಗ ಬೇಗ ಚಮಚಗಳನ್ನು ಒಟ್ಟು ಮಾಡತೊಡಗಿದರು.

"ಆಗಲಿ" ಎಂದಳು ವೆಲ್ಮಾ. "ಮನೆಗೆ ಬಾ, ಹೇಳ್ತೀನಿ."

ಪಾತ್ರೆ ತೊಳೆಯಲು ಹೋದಾಗ ಕಸದ ಬುಟ್ಟಿಯಲ್ಲಿ ನ್ಯಾಪ್ಕಿನ್ನಿನಲ್ಲಿ ಸುತ್ತಿದ ಪುಡ್ಡಿಂಗು ಕಂಡಿತು. ಒಂದಲ್ಲ, ಹಲವು. ಒಳ್ಳೆಯ ಹೆಂಗಸರು, ಅವಳಿಗೆ ಕಾಣಬಾರದೆಂದು ಚೆನ್ನಾಗಿ ಸುತ್ತಿದ್ದರು.

ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಓಪಲಳ ಕಾರು ಅಂಗಳಕ್ಕೆ ಬಂತು. ಬಾಗಿಲು ತಟ್ಟದೆ ಒಳಗೆ ಬಂದು ನೂಡಲ್ಸಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುರ್ಚಿ ಎಳೆದುಕೊಂಡಳು. ವೆಲ್ಮಾ ಕೂರಲಿಲ್ಲ.

"ಹೇಳು" ಎಂದಳು.

"ಏನು ಹೇಳ್ಲಿ?"

"ಓಪಲ್, ನೀನು ನನ್ನ ಮದುವೆ ಕೇಕನ್ನೂ ಬೈದೋಳು. ನಿನ್ನೆ ರೆಸಿಪಿ ಕೇಳಿದೆ. ಏನಾಗಿತ್ತು ಹೇಳು."

ಓಪಲ್ ಕಿಟಕಿಯ ಕಡೆ ನೋಡಿದಳು. "ಹುಳಿ ಹಿಡಿದಿತ್ತು ಕಣೆ. ಕೊಳೆತು ಹೆಂಡ ಆಗಿತ್ತು. ಅದರ ಮೇಲೆ ಫ್ರೀಜರಿನ ಮೀನಿನ ವಾಸನೆ ಬೇರೆ. ಬಾಗಿಲಲ್ಲಿ ನಿಂತೋರಿಗೂ ಹೊಡೀತಿತ್ತು. ನಿಂಗೆ ಗೊತ್ತಾಗ್ಲಿಲ್ವಾ ಅಂತ ಮೊದಲು ಅಂದ್ಕೊಂಡೆ. ಆಮೇಲೆ ನಿನ್ನ ಮುಖ ನೋಡ್ದೆ." ಅವಳ ಕಡೆ ತಿರುಗಿ ಕೇಳಿದಳು: "ಯಾವಾಗಿಂದ?"

"ಆಸ್ಪತ್ರೆಯಿಂದ ಬಂದಾಗಿಂದ."

"ಇಷ್ಟು ದಿನ ನಂಗೂ ಹೇಳ್ಲಿಲ್ಲ. ಕತ್ತೆ ಕಣೆ ನೀನು."

"ಕತ್ತೆನೇ" ಎಂದಳು ವೆಲ್ಮಾ. ಆ ಬೈಗುಳಕ್ಕೇ ಅವಳು ನಿನ್ನೆಯಿಂದ ಕಾದಿದ್ದಳು. "ಎಲ್ಲಾ ಅಳತೆ ಸರಿಯಾಗೇ ಹಾಕಿದ್ದೆ. ಲೆಸ್ಟರ್ ಆಯ್ದ ಹಣ್ಣು ಅದು. ಗಟ್ಟಿಯಾಗಿ ಹೆಪ್ಪುಗಟ್ಟಿತ್ತು."

ಓಪಲಳ ಮುಖ ಇಳಿದುಹೋಯಿತು. ಆ ಹಣ್ಣು ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ಮೆಲ್ಲಗೆ ಹೇಳಿದಳು: "ನೀವಿಬ್ರೂ ಆಸ್ಪತ್ರೇಲಿದ್ದಾಗ ಹಿಮಮಳೆ ಬಿದ್ದು ಕರೆಂಟು ಹೋಗಿತ್ತಲ್ಲೆ. ನಾಲ್ಕೈದು ದಿನ ಇಡೀ ಊರು ಕತ್ತಲು. ಎಲ್ಲಾರ ಫ್ರೀಜರೂ ಕರಗಿ ಹೋಯ್ತು, ಎಲ್ಲಾರೂ ಸುರಿದ್ರು. ನಿಂದು ತೆಗೆದು ನೋಡೋಕೆ ಮನೇಲಿ ಯಾರಿದ್ರು? ಕರೆಂಟು ಬಂದ್ಮೇಲೆ ಹಾಗೇ ಮತ್ತೆ ಗಟ್ಟಿಯಾಗಿರುತ್ತೆ."

ವೆಲ್ಮಾ ಫ್ರೀಜರಿನಿಂದ ಉಳಿದ ಡಬ್ಬವನ್ನು ತಂದಳು. ಬಿಸಿನೀರಿನಲ್ಲಿಟ್ಟು ಅಂಚು ಬಿಡಿಸಿ ಮುಚ್ಚಳ ತೆಗೆದಳು. ಓಪಲ್ ಬಗ್ಗಿ ಮೂಸಿದಳು. ಅವಳ ಕಣ್ಣು ನೀರಾಡಿತು. ಅದು ಹುಳಿಯ ಘಾಟಿಗೋ ಬೇರೆಯದಕ್ಕೋ ವೆಲ್ಮಾಳಿಗೆ ತಿಳಿಯಲಿಲ್ಲ.

ವೆಲ್ಮಾ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಬೇಡ ಕಣೆ."

"ನಂಗೇನಾಗುತ್ತೆ?" ಎಂದಳು ವೆಲ್ಮಾ. ತಣ್ಣಗಿತ್ತು, ನುಣ್ಣಗಿತ್ತು. ಒಳ್ಳೆಯ ಹಣ್ಣೂ ಅವಳಿಗೆ ಈಗ ಅಷ್ಟೇ. "ಸುರಿದುಬಿಡ್ಲಾ?"

ವೆಲ್ಮಾ ತಾನೇ ಹಿತ್ತಿಲಿಗೆ ಹೋಗಿ ಡಬ್ಬವನ್ನು ಗೊಬ್ಬರದ ಗುಂಡಿಗೆ ಸುರಿದು, ಒಣಗಿದ ಎಲೆ ಎಳೆದು ಮುಚ್ಚಿ ಬಂದಳು. ಖಾಲಿ ಡಬ್ಬವನ್ನು ತೊಳೆದು ಬೋರಲು ಹಾಕಿದಳು. ಆ ಊರಿನಲ್ಲಿ ಐಸ್‌ಕ್ರೀಮ್ ಡಬ್ಬವನ್ನು ಯಾರೂ ಎಸೆಯುವುದಿಲ್ಲ.

"ಬರ್ಕೋ" ಎಂದು ಓಪಲಳ ಎದುರಿಗೆ ಕುಳಿತಳು.

"ಏನನ್ನ?"

"ರೆಸಿಪಿ. ಎಲ್ಲಾರ ಮುಂದೆ ಕೇಳಿದೀಯ. ಕೊಡ್ಲೇಬೇಕು."

"ಅಯ್ಯೋ, ಬಾಯಿಗೆ ಬಂದಿದ್ದು ಅಂದೆ ಕಣೆ. ನಾನೇ ದಿನಾ ಬಂದು ನಿಂಗೆ ಮೂಸಿ ಹೇಳ್ತೀನಿ, ನೀನೇ ಮಾಡು. ಬಸ್ಸು ಓಡಿಸೋಳು ನಾನು, ನಂಗ್ಯಾಕೆ ಇದೆಲ್ಲ?"

"ತಿನ್ನೋಕೆ ಆಗ್ದೋಳು ಊರಿಗೆ ತಿನ್ನಿಸಬಾರ್ದು" ಎಂದಳು ವೆಲ್ಮಾ. "ಡಾರ್ಲೀನ್ ಫೋನು ಮಾಡೋದು ಬೇಡ, ಅವಳಿಗೂ ಕಷ್ಟ. ನಾನೇ ಹೇಳ್ತೀನಿ. ಈ ಹಬ್ಬಕ್ಕೆ ನ್ಯಾಪ್ಕಿನ್ ನಂದು."

ಓಪಲ್ ಏನೋ ಅನ್ನಲು ಹೋದಳು. ಗೆಳತಿಯ ಮುಖ ನೋಡಿ, ಚೀಲದಿಂದ ಪೆನ್ನು ತೆಗೆದಳು. ಕೈಗೆ ಸಿಕ್ಕ ಲಕೋಟೆಯ ಬೆನ್ನ ಮೇಲೆ ಬರೆಯತೊಡಗಿದಳು. ವೆಲ್ಮಾ ಹೇಳುತ್ತ ಹೋದಳು: ತಿರುಳು ಎರಡು ಬಟ್ಟಲು, ಸಕ್ಕರೆ ಅಷ್ಟೇ, ಮೊಟ್ಟೆ, ಮೈದಾ, ಮಜ್ಜಿಗೆ, ಅಡುಗೆ ಸೋಡಾ. ಸೋಡಾ ಮಜ್ಜಿಗೆಗೇ ಹಾಕಬೇಕು, ನೊರೆ ಬರಬೇಕು.

"ಚಕ್ಕೆ ಎಷ್ಟು?"

"ನೀನು ಬೈದಷ್ಟಲ್ಲ. ಒಂದು ಚಮಚ ಪುಡಿ."

ಓಪಲ್ ನಗಲು ನೋಡಿದಳು. ಆಗಲಿಲ್ಲ. "ಆಮೇಲೆ?"

"ಬೆಣ್ಣೆ ಹಚ್ಚಿದ ತಟ್ಟೆಗೆ ಸುರಿದು ಒಲೆಯೊಳಗೆ ಇಡೋದು. ನಡುವೆ ಒಂದೆರಡು ಸಲ ಕಲಕಬೇಕು, ಇಲ್ದಿದ್ರೆ ತಳ ಬಿಡಲ್ಲ."

"ಎಷ್ಟು ಹೊತ್ತು?"

"ಹೊತ್ತು ನೋಡ್ತಿರಲಿಲ್ಲ. ವಾಸನೆ ಬರುತ್ತೆ, ಆಗ ತೆಗೀಬೇಕು."

"ಎಂಥ ವಾಸನೆ?"

ವೆಲ್ಮಾ ಹೇಳಲು ಬಾಯಿ ತೆರೆದಳು. ಹುಡುಕಿದಳು. ಸಕ್ಕರೆ ಕಾಯಿಸಿದ ಹಾಗೆ ಎನ್ನಲು ಹೋದಳು, ಕಾಯಿಸಿದ ಸಕ್ಕರೆಯ ವಾಸನೆ ಹೇಗಿರುತ್ತದೆ ಎಂಬುದೂ ನೆನಪಿಗೆ ಬರಲಿಲ್ಲ. ಇಷ್ಟು ದಿನ ನಾಲಿಗೆಯಲ್ಲಿ ಇಲ್ಲದಿದ್ದರೂ ತಲೆಯಲ್ಲಿ ಎಲ್ಲೋ ಇದೆ ಎಂದು ನಂಬಿದ್ದಳು. ಅಲ್ಲಿಯೂ ಇರಲಿಲ್ಲ.

"ಗೊತ್ತಿಲ್ಲ, ಓಪಲ್. ಮರ್ತೇಹೋಗಿದೆ."

ಓಪಲ್ ಪೆನ್ನು ಎತ್ತಿಹಿಡಿದು ಕಾದಳು.

"ಲೆಸ್ಟರ್ ಶೆಡ್ಡಲ್ಲಿರ್ತಿದ್ದ" ಎಂದಳು ವೆಲ್ಮಾ. "ವಾಸನೆ ಅವನಿಗೂ ಹೋಗ್ತಿತ್ತು. ಕೆಲಸ ಬಿಟ್ಟು ಬಂದು ಹಿಂದಿನ ಮೆಟ್ಟಿಲ ಮೇಲೆ ಬೂಟು ಬಿಚ್ಚೋನು, ದಪ್ ದಪ್ ಅಂತ. ಆ ಸದ್ದು ಕೇಳಿದ್ರೆ ತೆಗೀತಿದ್ದೆ."

"ಅದನ್ನ ಹೇಗೆ ಬರೀಲಿ ಕಣೆ?"

ವೆಲ್ಮಾ ಮೇಜಿನ ಮೇಲಿನ ಕೈಗಳನ್ನು ನೋಡಿಕೊಂಡಳು.

"ಬರೀಬೇಡ" ಎಂದಳು. "ಒಂದು ಗಂಟೆ ಅಂತ ಬರಿ."

ಓಪಲ್ ಒಂದು ಗಂಟೆ ಎಂದು ಬರೆದಳು.