ಕಾಳಪ್ಪ ಕೊಯ್ದ ಮೂರು ಫಿಲ್ಟರು

ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಆಯಿಲ್ ಅಂಗಡಿ. ನನ್ನ ಹೆಸರು ಮರಿಯಯ್ಯ. ಎಣ್ಣೆ ಕೊಳ್ಳಲು ಬರುವ ನೂರು ಜನರಲ್ಲಿ ತೊಂಬತ್ತು ಜನ ಡಬ್ಬದ ಬಣ್ಣ ನೋಡಿ ಕೊಳ್ಳುತ್ತಾರೆ. ಒಳಗೇನಿದೆ ಅಂತ ಕೇಳುವವರಿಲ್ಲ. ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ ಅನ್ನಿ, ಅದು ಬೇರೆ ಮಾತು. ಕೇಳುತ್ತಿದ್ದವನು ಒಬ್ಬನೇ, ಪಕ್ಕದ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಕಾಳಪ್ಪ. ಅವನ ಕಾಟಕ್ಕೆ ನಾನು ಹಣೆ ಹಣೆ ಚಚ್ಚಿಕೊಂಡಿದ್ದೇನೆ.

ಕಾಳಪ್ಪ ನಾಗಮಂಗಲದ ಅಕ್ಕಸಾಲಿ ಮನೆತನದವನು. ಇಪ್ಪತ್ತು ವರ್ಷ ಊದುಕೊಳವೆ ಊದಿ ಊದಿ ಎದೆ ಕೆಟ್ಟಿತು. ಇನ್ನು ಬೆಂಕಿ ಮುಂದೆ ಕೂತರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಭಾವಮೈದುನನ ಹತ್ತಿರ ಮೆಕ್ಯಾನಿಕ್ ಕೆಲಸ ಕಲಿತು ಇಲ್ಲಿಗೆ ಬಂದ. ಬರುವಾಗ ತಗಡು ಕತ್ತರಿ, ಒರೆಗಲ್ಲು, ಆಸಿಡ್ಡಿನ ಸಣ್ಣ ಶೀಶೆ ಇವನ್ನು ಮಾತ್ರ ಬಿಡದೆ ತಂದ. ಹಳೆಯ ಆಯಿಲ್ ಫಿಲ್ಟರನ್ನು ಎಲ್ಲರೂ ಬಿಚ್ಚಿ ಗುಜರಿಗೆ ಎಸೆದರೆ ಇವನು ಅದರ ಡಬ್ಬ ಕೊಯ್ಯುತ್ತಿದ್ದ. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹರವಿ, ಸಿಕ್ಕ ಲೋಹದ ಚೂರನ್ನು ಕಲ್ಲಿಗೆ ಉಜ್ಜಿ, ಇದು ತಾಮ್ರ, ಬೇರಿಂಗು ಹೋಗುತ್ತಿದೆ. ಇದು ಕಬ್ಬಿಣ, ರಿಂಗು ಸವೆದಿದೆ ಅಂತ ಹೇಳುತ್ತಿದ್ದ. ಗರಗಸದಲ್ಲಿ ಕೊಯ್ಯೋ ಮಾರಾಯ, ಬೇಗ ಆಗುತ್ತೆ ಅಂದರೆ ರೇಗುತ್ತಿದ್ದ.

‘ಗರಗಸದ ಪುಡಿ ಬೆರ್ತ್ಕಂಡ್ರೆ ಇಂಜಿನ್ ಮ್ಯಾಲೆ ಸುಳ್ಳು ಹೇಳ್ದಂಗಾಯ್ತದೆ ಕಣ್ಲಾ. ನಮ್ಮ ವಂಶದಲ್ಲಿ ಒರೆಗಲ್ಲಿನ್ ಮುಂದೆ ಯಾರೂ ಸುಳ್ಳು ಹೇಳಿಲ್ಲ.’

ತೊಂಬತ್ತಾರರಲ್ಲಿ ಕ್ಯಾತನಹಳ್ಳಿಯ ರಘುನಂದನ್ ಬೊಂಬಾಯಿಯಿಂದ ಒಂದು ಜಪಾನಿನ ಟರ್ಬೊ ಕಾರು ತಂದ. ಕಬ್ಬು ಬೆಳೆಯುವ ದೊಡ್ಡ ಮನೆ, ಒಬ್ಬನೇ ಮಗ, ಕೇಳುವವರು ಯಾರು? ಕಾರು ವೇಗ ಹಿಡಿದರೆ ಸಣ್ಣಗೆ ಶಿಳ್ಳೆ ಹೊಡೆಯುತ್ತಿತ್ತು. ಅದು ಬರುವುದು ಒಂದು ಮೈಲಿ ಆಚೆಯಿಂದಲೇ ತಿಳಿಯುತ್ತಿತ್ತು. ಕಾಳಪ್ಪ ಅದಕ್ಕೆ ಎಣ್ಣೆ ಆರಿಸಲು ಒಂದು ವಾರ ತಗೊಂಡ. ನಾನು ಎಲ್ಲರಿಗೂ ಕೊಡುವ ಡಬ್ಬ ಮುಂದಿಟ್ಟೆ. ಅವನು ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

‘ಇದು ಬ್ಯಾಡ. ಆ ಟರ್ಬೊ ಒಳಗಿನ್ ಸರಳು ನಿಮ್ಸಕ್ಕೆ ಲಕ್ಷ ಸುತ್ತು ಸುತ್ತದೆ. ಅದುಕ್ಕೆ ಆಸ್ರೆ ಅಂದ್ರೆ ಒಂದು ಎಳೆ ಎಣ್ಣೆ. ನಿನ್ ಎಣ್ಣೆ ಆ ಶಾಖಕ್ಕೆ ಸೀದು ಇದ್ಲು ಆಯ್ತದೆ. ಬೆಂಗ್ಳೂರಿಂದ ಸಿಂಥೆಟಿಕ್ ತರ್ಸು.’

ಫಿಲ್ಟರಿಗೂ ಇದೇ ರಾಮಾಯಣ. ನನ್ನಲ್ಲಿದ್ದ ಸ್ಥಳೀಯ ಫಿಲ್ಟರು ಅದರ ತಿರುಪಿಗೆ ಸರಿಯಾಗಿ ಕೂರುತ್ತಿತ್ತು. ಹೊಸ ಫಿಲ್ಟರನ್ನೇ ಕೊಯ್ದು ತೋರಿಸಿದ, ಪುಣ್ಯಾತ್ಮ! ಇಂಜಿನ್ ನಿಂತಾಗ ಎಣ್ಣೆ ಕೆಳಕ್ಕೆ ಜಾರದಂತೆ ತಡೆಯುವ ರಬ್ಬರಿನ ಬಿಲ್ಲೆಯೇ ಅದರಲ್ಲಿ ಇರಲಿಲ್ಲ. ಕೊನೆಗೆ ಅವನು ಹೇಳಿದ್ದನ್ನೇ ತರಿಸಿದೆ. ಮೂರು ಸಾವಿರ ಕಿಲೋಮೀಟರಿಗೆ ಒಮ್ಮೆ ಎರಡನ್ನೂ ಬದಲಾಯಿಸಬೇಕು, ಜೋರಾಗಿ ಓಡಿಸಿ ಬಂದ ಮೇಲೆ ಎರಡು ನಿಮಿಷ ಇಂಜಿನ್ ಹಾಗೇ ತಿರುಗಲು ಬಿಟ್ಟು ಆಮೇಲೆ ಆರಿಸಬೇಕು ಅಂತ ರಘುನಂದನನಿಗೆ ಕಟ್ಟುನಿಟ್ಟು ಮಾಡಿದ. ಯಾರೂ ಇಲ್ಲದ ಕಾರು ಅವನ ಮನೆಯ ಶೆಡ್ಡಿನಲ್ಲಿ ತನ್ನಷ್ಟಕ್ಕೆ ಗುರುಗುಟ್ಟುವುದನ್ನು ಕೇಳಿ ಕ್ಯಾತನಹಳ್ಳಿಯ ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರಂತೆ.

ರಘುನಂದನನ ಹೆಂಡತಿ ಶ್ವೇತ. ಹೊಣಕೆರೆಯವಳು, ತಂದೆಯಿಲ್ಲದ ಹುಡುಗಿ. ಅವಳ ತವರಿಗೆ ತಲೆತಲಾಂತರದಿಂದ ಕಾಳಪ್ಪನ ಮನೆಯವರದೇ ತಾಳಿ. ಹಾಗಾಗಿ ಬೆಂಕಿ ಬಿಟ್ಟಿದ್ದರೂ ಅವಳ ತಾಳಿಗಾಗಿ ಒಂದು ದಿನ ಮತ್ತೆ ಅದರ ಮುಂದೆ ಕೂತಿದ್ದ. ಕಾರಿನ ಮೊದಲ ಸರ್ವಿಸಿಗೆ ಅವಳೂ ಬಂದು ಬೆಂಚಿನ ಮೇಲೆ ಕೂತು ಫಿಲ್ಟರು ಕೊಯ್ಯುವುದನ್ನು ನೋಡಿದಳು.

‘ಆಚಾರ್ರೆ, ಅದ್ರೊಳಕ್ಕೆ ಚಿನ್ನ ಬಿದ್ರೂ ಗೊತ್ತಾಯ್ತದಾ?’

‘ನಾನ್ ಮಾಡಿದ್ ಚಿನ್ನ ಆದ್ರೆ ಕಣ್ಮುಚ್ಕಂಡು ಹೇಳ್ತೀನಿ ಕಣವ್ವ’ ಅಂದ ಇವನು. ಅವಳು ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಮಾರನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಯಾರ ಕಣ್ಣಿಗೂ ಬೀಳಲಿಲ್ಲ. ತವರಿಗೆ ಹೋಗಿದ್ದಾಳೆ ಅಂದ ರಘುನಂದನ್.

ಯುಗಾದಿಗೆ ಮುಂಚೆ ಕಾರು ಎಣ್ಣೆ ಬದಲಾವಣೆಗೆ ಬಂತು. ಮಧ್ಯಾಹ್ನ ಕಾಳಪ್ಪ ನನ್ನನ್ನು ಶೆಡ್ಡಿಗೆ ಕರೆದ. ಒರೆಗಲ್ಲಿನ ಮೇಲೆ ಒಂದು ಸಣ್ಣ ಹಳದಿ ಗೆರೆ. ಆಸಿಡ್ ಬಿಟ್ಟ. ತಾಮ್ರವಾಗಿದ್ದರೆ ಹಸಿರು ನೊರೆ ಬಂದು ಅಳಿಸಿಹೋಗಬೇಕಿತ್ತು. ಗೆರೆ ಹಾಗೇ ಇತ್ತು.

‘ಚಿನ್ನ ಕಣ್ಲಾ ಮರಿಯಯ್ಯ. ನಾನೇ ಬೆಳ್ಳಿ ಒಸಿ ಮುಂದಾಗಿ ಬೆರ್ಸಿದ್ ಚಿನ್ನ. ಆ ಮಗೀನ್ ತಾಳೀದು.’

‘ಸುಮ್ನಿರ್ಲಾ’ ಅಂದೆ. ‘ಎಲ್ಲೋ ಉಂಗ್ರ ಗಿಂಗ್ರ ಬಿದ್ದಿರ್ತದೆ. ದೊಡ್ಡೋರ್ ಮನೆ ವಿಷ್ಯ, ನಮ್ಗ್ಯಾಕೆ ಊರ ಉಸಾಬರಿ? ಬಾಯ್ಬುಟ್ಟೀಯ, ಗಿರಾಕಿ ಹೋಯ್ತದೆ.’

ಅವನು ಆ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗಿಟ್ಟುಕೊಂಡ. ನನ್ನ ಮಾತು ಕೇಳಿ ಸುಮ್ಮನಾದ.

ಜೂನಿನಲ್ಲಿ ಎರಡನೆಯ ಫಿಲ್ಟರು. ಈ ಸಲ ಕಾಗದದ ಮಡಿಕೆಗಳಲ್ಲಿ ಚಿನ್ನ ಮೊದಲಿಗಿಂತ ಹೆಚ್ಚಾಗಿ ಮಿನುಗುತ್ತಿತ್ತು. ಕಾಳಪ್ಪ ನನಗೆ ಹೇಳದೆ ನಾಗಮಂಗಲದ ಬಸ್ಸು ಹತ್ತಿ ಹೊಣಕೆರೆಗೆ ಹೋದ. ಸಂಜೆ ಬಂದು ಹೇಳಿದ. ಶ್ವೇತ ತವರಿನಲ್ಲಿಲ್ಲ. ಮಗಳು ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ, ಯಾರೂ ನೋಡಕೂಡದು ಅಂತ ಅಳಿಯ ಹೇಳಿದ್ದಾನೆಂದು ಅವಳ ತಾಯಿ ಚಲುವಮ್ಮ ಅತ್ತಳಂತೆ. ನಮಗೊಂದು ಮಾತು, ಹೆತ್ತ ತಾಯಿಗೊಂದು ಮಾತು. ಅವಳನ್ನು ಮುಗಿಸಿ ತಾಳಿಯನ್ನು ಇಂಜಿನ್ನಿಗೆ ಹಾಕಿದ್ದಾನೆ, ಅದು ಒಳಗೆ ಅರೆದು ಅರೆದು ಹೊರಗೆ ಬರುತ್ತಿದೆ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮಾರನೆಯ ದಿನ ಎಣ್ಣೆ ಸೋರುತ್ತಿದೆ ಅಂತ ನೆಪ ಹೇಳಿ ಕಾಳಪ್ಪ ಕಾರು ಇರಿಸಿಕೊಂಡ. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದ, ಕೆಳಗಿನ ಎಣ್ಣೆ ತೊಟ್ಟಿ ಇಳಿಸಿದ. ತಾಳಿಯ ಚೂರು ಎಲ್ಲೂ ಸಿಗಲಿಲ್ಲ. ಮೂರು ಸಲ ಡೀಸೆಲ್ಲಿನಲ್ಲಿ ತೊಳೆದು, ಬಿಳಿ ಪಂಚೆಯಲ್ಲಿ ಒರೆಸಿ, ಆ ಪಂಚೆಯನ್ನು ಬಿಸಿಲಿಗೆ ಹಿಡಿದು ನೋಡಿದೆವು. ಒಂದು ಕಣವೂ ಇರಲಿಲ್ಲ. ಹೊಸ ಎಣ್ಣೆ, ಹೊಸ ಫಿಲ್ಟರು ಹಾಕಿದ. ಇನ್ನು ಬರಲ್ಲ ಬುಡು ಅಂದೆ. ಆದರೂ ಆ ಶಿಳ್ಳೆ ಕೇಳಿದಾಗಲೆಲ್ಲ ನಾನು ಅಂಗಡಿಯ ಒಳಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಅದು ನನಗೆ ಹೆಂಗಸಿನ ಕೊರಳಿನ ಹಾಗೆ ಕೇಳಿಸುತ್ತಿತ್ತು.

ಗೌರಿ ಹಬ್ಬದ ವಾರ ರಘುನಂದನ್ ಕಾರು ಬಿಟ್ಟು, ಸಂಜೆ ಬರುತ್ತೇನೆ ಅಂತ ಬಸ್ಸಿನಲ್ಲಿ ಮೈಸೂರಿಗೆ ಹೋದ. ಕಾಳಪ್ಪ ಫಿಲ್ಟರು ಕೊಯ್ಯುವಾಗ ಪಕ್ಕದಲ್ಲೇ ನಿಂತಿದ್ದೆ. ಕಾಗದ ಬಿಡಿಸಿದ. ಚಿನ್ನ! ತೊಳೆದು ಬೋಳು ಮಾಡಿದ್ದ ಇಂಜಿನ್ನಿನಲ್ಲಿ ಹಿಂದೆಂದಿಗಿಂತ ಹೆಚ್ಚು ಚಿನ್ನ. ನಡುನಡುವೆ ಏನೋ ಬೆಳ್ಳಗೆ.

‘ಅಯ್ಯೋ ಶಿವನೇ, ಸತ್ತೋಳು ಬಂದು ಹಾಕ್ತಾವ್ಳಾ ಕಾಳ?’

ಅವನು ಕಣ್ಣಿಗೆ ಭೂತಗಾಜು ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆ ಬಿಳಿಯ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಒಂದು ಹರಳು ಉಪ್ಪು ಹಾಕಿದ. ಹಾಲು ಒಡೆದ ಹಾಗೆ ಬೆಳ್ಳಗೆ ಗಡ್ಡೆಗಟ್ಟಿತು. ಅಂದರೆ ಬೆಳ್ಳಿ. ಕಾಳಪ್ಪ ಅಲ್ಲೇ ನೆಲದ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟ.

‘ಬದುಕವ್ಳೆ ಕಣ್ಲಾ! ಇದು ಸವ್ದಿದ್ದಲ್ಲ, ಕಲ್ಲಿನ್ ಮ್ಯಾಲೆ ತೇಯ್ದಿದ್ದು. ಕಲ್ಲಿನ್ ಪುಡೀನೂ ಬೆರ್ತದೆ ನೋಡು. ಸತ್ತೋರು ತೇಯ್ತಾರೇನ್ಲಾ? ನಾನ್ ನೋಡ್ತೀನಿ ಅಂತ ಗೊತ್ತು ಅವ್ಳ್ಗೆ. ಕಾರ್ ನಿಲ್ಲೋ ಆ ಮನೆ ಒಳ್ಗೇ ಇದ್ಕಂಡು ನಂಗೆ ಕಾಗ್ದ ಬರೀತಾವ್ಳೆ ಕಣ್ಲಾ. ತಾಳಿ ಮುಗೀತು, ವಾಲೆ ಮುಗೀತು, ಈಗ ಕಾಲುಂಗ್ರ ತೇಯ್ದವ್ಳೆ. ಇನ್ನೇನ್ ಉಳ್ದದೆ ಅವ್ಳತ್ರ?’

ಪೊಲೀಸಿಗೆ ಹೇಳೋಣ ಅಂದೆ. ‘ಫಿಲ್ಟರ್ ತೋರ್ಸಿ ಏನಂತ ಹೇಳನಾ? ಅವ್ರು ನಗಾಡಿ ಮುಗ್ಸೋದ್ರೊಳಗೆ ಅವ್ನು ಬಂದ್ಬುಡ್ತಾನೆ’ ಅಂದವನೇ ಅಳತೆ ತಪ್ಪದೆ ಎಣ್ಣೆ ಸುರಿದು, ಫಿಲ್ಟರು ಬಿಗಿದು, ಆ ಕಾರನ್ನೇ ಹತ್ತಿದ. ನಾನೂ ಹತ್ತಿದೆ. ಹೆದರಿಕೆ ಇಲ್ಲದೆ ಅಲ್ಲ, ಅಂಗಡಿಯಲ್ಲಿ ಒಬ್ಬನೇ ಕೂರಲು ಇನ್ನೂ ಹೆದರಿಕೆಯಾಗಿ.

ಕ್ಯಾತನಹಳ್ಳಿ ಮುಟ್ಟಿದಾಗ ಮೂರು ಗಂಟೆ. ಕಾರಿನ ಶಿಳ್ಳೆ ಕೇಳಿ ರಘುನಂದನನ ತಾಯಿ ಚಿಕ್ಕಬೋರಮ್ಮ ಗೇಟಿನ ಬೀಗ ತೆಗೆದು, ಕಾರಿನೊಳಗೆ ಕಣ್ಣೂ ಹಾಯಿಸದೆ, ಮಗನ ಕಾಲಿಗೆ ನೀರು ತರಲು ಒಳಗೆ ಹೋದಳು. ಎರಡು ನಾಯಿಗಳು ಬಾಲ ಅಲ್ಲಾಡಿಸಿದವು. ಕಾಳಪ್ಪ ಕಾರನ್ನು ಶೆಡ್ಡಿಗೆ ಹಾಕಿ, ಅಭ್ಯಾಸದಂತೆ ಇಂಜಿನ್ ಆರಿಸದೆ ಇಳಿದ. ಇಬ್ಬರೂ ಗೋಡೆಗೆ ಒತ್ತಿ ನಿಂತೆವು.

ಶೆಡ್ಡಿನ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಅದು ಸದ್ದಿಲ್ಲದೆ ತೆರೆಯಿತು. ಒಂದು ಹೆಂಗಸು ಬಂದಳು. ಬೋಳು ಕೊರಳು, ಬೋಳು ಕಿವಿ, ಎಲುಬಿನ ಮೇಲೆ ಸುತ್ತಿದ ಸೀರೆ. ಅತ್ತಿತ್ತ ನೋಡಲಿಲ್ಲ. ಗಾಳಿ ಬಂದ ಹಾಗೆ ಬಂದು, ಕಾರಿನೊಳಗೆ ಕೈ ಹಾಕಿ ಹಿಡಿ ಎಳೆದು, ಬಾನೆಟ್ಟು ಎತ್ತಿದಳು. ತಿರುಗುತ್ತಿರುವ ಇಂಜಿನ್ನಿನ ಎಣ್ಣೆ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುವಿದಳು. ಕಾದ ಎಣ್ಣೆ ಚಿಟಿಚಿಟಿ ಅಂತ ಅವಳ ಮುಂಗೈಗೆ ಹಾರಿತು. ಕೈ ಹಿಂದೆಗೆಯಲಿಲ್ಲ. ಆ ಕೈ ಮೊಣಕೈವರೆಗೆ ಹಳೆಯ ಬೊಬ್ಬೆಗಳ ಕಲೆಯಿಂದ ಕಪ್ಪಾಗಿತ್ತು. ಇದು ದೆವ್ವವೇ ಅಂತ ಆ ಗಳಿಗೆಯಲ್ಲಿ ನಿಜವಾಗಿ ನಂಬಿದೆ.

‘ಸಾಕು ಕಣವ್ವ’ ಅಂದ ಕಾಳಪ್ಪ. ‘ಬಂದಿವ್ನಿ.’

ಅವಳ ಕೈಯಲ್ಲಿದ್ದ ಪೊಟ್ಟಣ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಚೊಂಬು ಹಿಡಿದು ಬಂದ ಚಿಕ್ಕಬೋರಮ್ಮ ನಮ್ಮನ್ನು ಕಂಡು ಚೀರಿದಳು. ‘ಯಾರ್ಲಾ ನೀವು? ನನ್ ಸೊಸೇನ ಎಲ್ಲಿಗ್ಲಾ ಕರ್ಕಂಡೋಯ್ತೀರಿ?’ ಆಸ್ಪತ್ರೆಯಲ್ಲಿದ್ದ ಸೊಸೆ! ನನಗೆ ಅದೆಲ್ಲಿತ್ತೋ ಸಿಟ್ಟು, ‘ಅವ್ರವ್ವನ್ ಮನೆಗೆ ಕಣಮ್ಮೋ, ತವರಿಗೋಗವ್ಳೆ ಅಂದಿದ್ರಲ್ಲ, ಅದುನ್ನ ನಿಜ ಮಾಡ್ತೀವಿ’ ಅಂದೆ. ಗೇಟು ಇನ್ನೂ ತೆರೆದೇ ಇತ್ತು.

ಪಾಂಡವಪುರ ದಾಟುವವರೆಗೆ ಅವಳು ಹಿಂದಿನ ಸೀಟಿನಲ್ಲಿ ಕೆಳಗೆ ಬಗ್ಗಿ ಕೂತಿದ್ದಳು. ಆಮೇಲೆ ಒಂದೊಂದಾಗಿ ಹೇಳಿದಳು. ಅಪ್ಪನ ಜಮೀನು ಮಾರಲು ಸೈನು ಹಾಕಲಿಲ್ಲ ಅಂತ ಸಂಕ್ರಾಂತಿಯ ಮಾರನೆಯ ದಿನದಿಂದ ಕೂಡಿಹಾಕಿದ್ದು, ಗಂಡ ಕಾರು ನಿಲ್ಲಿಸಿ ಒಳಗೆ ಹೋಗಿ ಮತ್ತೆ ಬಂದು ಆರಿಸುವ ಆ ಎರಡು ನಿಮಿಷ ಮಾತ್ರ ಅತ್ತೆಯ ಕಣ್ಣು ತಪ್ಪುತ್ತಿದ್ದದ್ದು, ಓಡೋಣವೆಂದರೆ ಗೇಟಿನ ಹತ್ತಿರ ನಾಯಿಗಳಿದ್ದದ್ದು. ಸೈನು ಹಾಕಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತಂತೆ. ಹಾಕಿದ ಮೇಲೆ ತನ್ನನ್ನು ಉಳಿಸುತ್ತಾರೆ ಅನ್ನುವ ನಂಬಿಕೆ ಬರಲಿಲ್ಲವಂತೆ.

ಹೊಣಕೆರೆ ಇನ್ನೇನು ಬಂತು ಅನ್ನುವಾಗ ಕೇಳಿದಳು.

‘ಆಚಾರ್ರೆ, ಮೊದುಲ್ನೇದು ನಿಮ್ ಕೈಗೆ ಸಿಕ್ಲಿಲ್ವಾ? ಯುಗಾದಿಗ್ ಮುಂಚೇನೇ ಹಾಕಿದ್ದೆ.’

ಇಲ್ಲ ಕಣವ್ವ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ, ಇಲ್ಲ ಅನ್ನು ಅಂತ.

‘ಸಿಕ್ತು ಕಣವ್ವ’ ಅಂದ ಕಾಳಪ್ಪ. ‘ನಿಂದೇ ಅಂತಾನೂ ಗೊತ್ತಾಯ್ತು. ಸುಮ್ನಾಗ್ಬುಟ್ಟೆ. ತೆಪ್ಪು ನಂದು.’

ನನ್ನ ಹೆಸರು ಎತ್ತಲಿಲ್ಲ. ಅವಳು ಅವನ ಬೆನ್ನನ್ನೇ ನೋಡುತ್ತ ಕೂತಳು. ಸುಮ್ಮನಿರು ಅಂದವನು ನಾನು ತಾಯಿ ಅಂತ ಹೇಳಲು ಬಾಯಿ ತೆರೆದೆ. ಊರು ಬಂತು ಅಂದೆ, ಅಷ್ಟೇ. ಆಮೇಲೆ ಕೇಸಾಯಿತು, ರಘುನಂದನನನ್ನು ಹಿಡಿದರು, ಅವಳು ತನ್ನ ಜಮೀನನ್ನು ತಾನೇ ಮಾಡಿಸಿಕೊಂಡು ಹೊಣಕೆರೆಯಲ್ಲೇ ಉಳಿದಳು. ಕಾಳಪ್ಪ ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋಗುತ್ತಾನೆ. ಅವಳು ತಗೊಳ್ಳುತ್ತಾಳೆ, ಆದರೆ ಒಳಗೆ ಕರೆಯುವುದಿಲ್ಲವಂತೆ. ಅವನು ಜಗುಲಿಯಲ್ಲೇ ಕೂತು ನೀರು ಕುಡಿದು ಬರುತ್ತಾನೆ. ನೀನೂ ಬಾರಲಾ ಅಂತ ಪ್ರತಿ ವರ್ಷ ಕರೆಯುತ್ತಾನೆ. ಅಂಗಡಿ ಬಿಟ್ಟು ಬರಕ್ಕಾಗಲ್ಲ ಅನ್ನುತ್ತೇನೆ.