ನಾಲಿಗೆಯಿಲ್ಲದ ಗಂಟೆ

ನರಗುಂದದಲ್ಲಿ ನಮ್ಮ ಮನೆಯ ಹತ್ತಿರದ ಗುಡಿಗೆ ಈಚೆಗೆ ಒಂದು ಯಂತ್ರ ಬಂದಿದೆ. ಪೂಜಾರಿ ಗೋಡೆಯ ಮೇಲಿನ ಗುಂಡಿ ಒತ್ತಿದರೆ ಸಾಕು, ಮೋಟರು ತಿರುಗಿ ಗಂಟೆ, ಜಾಗಟೆ, ನಗಾರಿ ಎಲ್ಲ ತಾವೇ ಬಾರಿಸಿಕೊಳ್ಳುತ್ತವೆ. ನಿನ್ನೆ ಸಂಜೆ ಅದರೆದುರು ಕೈಮುಗಿದು ನಿಂತಾಗ ಅಂಬವ್ವ ನೆನಪಾದಳು.

ಅಂಬವ್ವ ಅಂದರೆ ಗಜೇಂದ್ರಗಡದಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮುದುಕಿ. ಆಗಷ್ಟೇ ನನಗೆ ಅಲ್ಲಿಯ ಸಾಲೆಯಲ್ಲಿ ನೌಕರಿ ಸಿಕ್ಕಿತ್ತು. ರೋಣದ ತುಂಬಿದ ಮನೆಯಿಂದ ಬಂದವಳಿಗೆ ಆ ಊರಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ಗಂಡ ತೀರಿಹೋದ, ಮಕ್ಕಳಿಲ್ಲದ ಅಂಬವ್ವ, ಮದುವೆಯಾಗದ ನಾನು. ಇಬ್ಬರು ಒಂಟಿ ಹೆಂಗಸರು ಒಂದೇ ಸೂರಿನಡಿ ಇದ್ದರೆ ಮಾತಿಗೇನು ಬರ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಸಾಲೆಯಿಂದ ಬಂದವಳೇ, "ಅಂಬವ್ವಾರ, ಜ್ವರ ಬಂದಾವ್ರಿ" ಎಂದೆ. "ಭಾಳ ಚಲೋ ಆತವ್ವ" ಎಂದು ನಗುತ್ತ ಒಳಗೆ ಹೋದಳು. ಆಕೆಗೆ ನನ್ನ ಮೇಲೆ ಅದೇನು ಸಿಟ್ಟೋ ಎಂದು ತಲೆ ಕೆಡಿಸಿಕೊಂಡೆ. ಮುನಿಸಿನಿಂದ ನಾನೂ ಮಾತು ಬಿಟ್ಟೆ. ಆಕೆಗೆ ಅದು ತಿಳಿದಂತೆಯೇ ಕಾಣಲಿಲ್ಲ. ಮುನಿಸೆಲ್ಲ ನನ್ನೊಬ್ಬಳದೇ ಆಯಿತು.

ನಮ್ಮದು ನೇಕಾರರ ಓಣಿ. ಮಗ್ಗದ ಸಪ್ಪಳದಲ್ಲಿ ಎಲ್ಲರೂ ಒದರಿಯೇ ಮಾತಾಡುವವರು. ಹೊಸಬಳಾದ ನನಗೆ ಆ ಗದ್ದಲದ ನಡುವೆ ಇನ್ನಷ್ಟು ಒಂಟಿ ಅನಿಸುತ್ತಿತ್ತು. ಬೆಳಿಗ್ಗೆ ಅಂಬವ್ವ ಪೂಜೆಗೆ ಕೂತು ಹಿಡಿಯ ತುದಿಗೆ ಬಸವಣ್ಣ ಇದ್ದ ಹಿತ್ತಾಳೆಯ ಕೈಗಂಟೆ ಬಾರಿಸಿದಾಗ ಮಾತ್ರ, ಮನೆಯಲ್ಲಿ ಇನ್ನೊಂದು ಜೀವ ಇದೆ ಅನಿಸುವುದು. ದೇವರು ಬರಲಿ, ಕೆಟ್ಟದ್ದು ಹೊರಗೆ ಹೋಗಲಿ ಅಂತ ಗಂಟೆ ಬಾರಿಸುತ್ತಾರೆ ಎಂದು ನಮ್ಮಜ್ಜ ಹೇಳುತ್ತಿದ್ದ. ಆರತಿಯ ಹೊತ್ತಿನಲ್ಲಿ ಬೇರೆ ಸದ್ದು ಕಿವಿಗೆ ಬೀಳದಿರಲಿ ಅಂತ ಹೇಳುವವರೂ ಉಂಟು. ನನಗಂತೂ ಅದು ಹಾಸಿಗೆ ಬಿಟ್ಟು ಏಳುವ ಧೈರ್ಯ ಕೊಡುತ್ತಿತ್ತು.

ದಸರೆಯ ರಜೆಗೆ ರೋಣಕ್ಕೆ ಹೋಗಿ ಮರಳಿದ ಮರುದಿನ ಗಂಟೆ ಕೇಳಲಿಲ್ಲ. ಹೆದರಿ ಒಳಗೆ ಇಣುಕಿದೆ. ಅಂಬವ್ವ ದೇವರ ಜಗಲಿಯ ಮುಂದೆ ಕಣ್ಣುಮುಚ್ಚಿ ಕೂತಿದ್ದಳು. ಎಡಗೈ ಗಂಟೆಯನ್ನು ಜೋರಾಗಿ ಅಲ್ಲಾಡಿಸುತ್ತಿತ್ತು, ಬಲಗೈಯಲ್ಲಿ ಆರತಿ ಆಡುತ್ತಿತ್ತು. ಸಪ್ಪಳವೇ ಇಲ್ಲ. ಗಂಟೆಯ ನಾಲಿಗೆ ಕಳಚಿ ಬಿದ್ದಿತ್ತು.

ಆರತಿ ಇಳಿಸಿ ತಿರುಗಿದವಳು ನನ್ನ ಮುಖ ನೋಡಿದಳು. ಆಮೇಲೆ ಗಂಟೆ ನೋಡಿದಳು. ಅದರೊಳಗೆ ಬೆರಳಿಟ್ಟು ಸುತ್ತಲೂ ತಡವಿ, ಹಾಗೇ ಕೂತುಬಿಟ್ಟಳು.

"ಯಾರ ಮುಂದೂ ಹೇಳಬ್ಯಾಡವ್ವ," ಎಂದಳು. "ಕಿವಿ ಪೂರಾ ಹೋಗ್ಯಾವು ಅಂತ ತಿಳದ್ರ ಮೈದುನನ ಮಕ್ಕಳು ಹೊಳಿಆಲೂರಿಗೆ ಕರಕೊಂಡ ಹೋಗ್ತಾರ. ಕೆಟ್ಟವರಲ್ಲ ಅವರು. ಆದ್ರ ಕಿವುಡಿನ್ನ ಮೂಲ್ಯಾಗ ಕುಂದ್ರಸ್ತಾರ."

ನಾನು ಗಂಟೆ ತೋರಿಸಿ, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದೆ: "ಕೇಳಸದಿದ್ರೂ ಯಾಕ ಬಾರಸ್ತೀರಿ?"

"ಬಾರಿಸಿದ್ರ ದೇವರು ಬರ್ತಾನಂತ. ನನ್ನ ಮನಿಗೆ ಬ್ಯಾರೆ ಯಾರ್ ಬರ್ತಾರವ್ವ?"

ಗಂಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಓಣಿಯ ತುದಿಯಲ್ಲಿ ಪಾತ್ರೆ ರಿಪೇರಿ ಮಾಡುವ ಸಾಬರ ಅಂಗಡಿಗೆ ಹೋದೆ. ನೋಡಿದ ಕೂಡಲೇ ಗುರುತು ಹಿಡಿದರು. "ಇದು ಅಂಬವ್ವಾರ ಗಂಟಿ ಅಲ್ಲೇನ್ರಿ ಅಕ್ಕೋರ? ಹಬ್ಬದ ಮುಂದ ನಿಂತದ್ದು, ಇನ್ನೂ ಕೇಳವಲ್ದು ಅಂತ ಮನ್ಯಾಗ ಅಂತಿದ್ವಿ."

ನಾಲಿಗೆ ಕಳಚಿದ್ದು ಆಕೆಗೆ ಗೊತ್ತಾಗಲಿಲ್ಲ ಎಂದು ಹೇಳಲೋ ಬೇಡವೋ ಅಂತ ನಾನು ತಡವರಿಸುತ್ತಿದ್ದೆ. ಅವರೇ ತಂತಿ ಬಾಗಿಸುತ್ತ ಮೆಲ್ಲಗೆ ಹೇಳಿದರು: "ಆಕಿಗೆ ಕಿವಿ ಕೇಳಸಂಗಿಲ್ಲಂತ ಓಣಿಗೆಲ್ಲಾ ಗೊತ್ತೈತ್ರಿ. ಆಕಿ ಹೇಳಂಗಿಲ್ಲ, ನಾವು ಕೇಳಂಗಿಲ್ಲ. ನೊಂದಗೋತಾಳಂತ ಸುಮ್ನದೀವಿ."

ಓಣಿಯ ಆ ಮರ್ಯಾದೆ ನನಗೆ ಆಗ ಭಾರವಾಗಿ ಕಂಡಿತು. ಎಲ್ಲರೂ ಒಳ್ಳೆಯವರೇ, ಒಳ್ಳೆಯತನದಿಂದಲೇ ಒಬ್ಬರೂ ಆಕೆಯ ಹತ್ತಿರ ಬರುತ್ತಿರಲಿಲ್ಲ. ಮನೆಗೆ ಬಂದು ಆಕೆಯ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಂಗಾರ ಇಷ್ಟ ದಿನ ನಾ ಯಾರಿಂದ ಮುಚ್ಚಿಟಗೊಂಡ ಕುಂತಿದ್ದೆ?" ಎಂದಳು. ನಗಲು ಹೋದಳು, ಅಳು ಬಂತು.

ಆ ಸಂಜೆಯೇ ಎದುರು ಮನೆಯ ಕಟ್ಟೆಗೆ ಹೋಗಿ ಕೂತಳು. "ನನಗ ಕೇಳಸಂಗಿಲ್ಲ, ಮಾತಾಡೋದಿದ್ರ ಭುಜಾ ಮುಟ್ಟಿ ಮಾತಾಡ್ರಿ" ಎಂದು ಆಕೆಯೇ ಹೇಳಿದಳು. ಮುಟ್ಟಿದರು. ಮೈದುನನ ಮಕ್ಕಳಿಗೂ ಸುದ್ದಿ ಹೋಗಿ ಅವರು ಕರೆಯಲು ಬಂದಾಗ ಓಣಿಯ ಹೆಂಗಸರೇ ಬಾಗಿಲಿಗೆ ನಿಂತು, "ಆಕಿ ಇಲ್ಲೇ ಇರಲಿ ಬಿಡ್ರಿ, ನಾವದೀವಿ" ಎಂದರು. ನನಗೆ ವರ್ಗವಾಗುವವರೆಗೂ ಅಂಬವ್ವ ಅಲ್ಲೇ ಇದ್ದಳು. ಆಮೇಲೂ ಇದ್ದು, ಅಲ್ಲೇ ತೀರಿಕೊಂಡಳಂತೆ. ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ.

ಈಗ ನಾನು ಒಬ್ಬಳೇ ಇರುತ್ತೇನೆ. ಕೆಲವು ತಿಂಗಳಿಂದ ನನ್ನ ಎಡಗಿವಿ ಮಂದವಾಗಿದೆ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಜನ ಸೇರುವಲ್ಲಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಇವತ್ತು ಮುಂಜಾನೆ ಪಕ್ಕದ ಮನೆಯ ಸೊಸೆ ಬಾಗಿಲಲ್ಲಿ ನಿಂತು ಏನೋ ಹೇಳಿ ಹೊರಟಿದ್ದಳು. ಕರೆದು ಒಳಗೆ ಕೂಡಿಸಿದೆ.

"ಇನ್ನೊಮ್ಮೆ ಹೇಳವ್ವ. ನನಗ ಈ ಕಿವಿ ಕೇಳಸಂಗಿಲ್ಲ."

ಆಕೆ ಎದ್ದು ನನ್ನ ಬಲಗಡೆಗೆ ಬಂದು ಕೂತಳು. "ನಾಳಿ ನಳ ಬರಂಗಿಲ್ಲಂತ್ರಿ ಅಕ್ಕೋರ, ಇವತ್ತ ನೀರು ತುಂಬಿಟ್ಟಗೋರಿ ಅಂದೆ," ಎಂದಳು. ಹೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.