ಗಂಜಿಗೆ ಗತಿಯಿದ್ದವರು

ನಮ್ಮ ಮನೆ ಮಾರಾಟಕ್ಕಿದೆ. ಅಮೆರಿಕದ ಸ್ಯಾನ್ ರಮೋನಿನ ಈ ಮನೆಯ ಮೆಟ್ಟಿಲುಗಳಿಗೂ ನಮ್ಮಿಬ್ಬರ ಮಂಡಿಗಳಿಗೂ ಈಚೆಗೆ ಎಣ್ಣೆ ಸೀಗೆಕಾಯಿ. ಹಾಗಾಗಿ ಮಹಡಿಯಿಲ್ಲದ ಸಣ್ಣ ಮನೆಗೆ ಹೋಗುವುದೆಂದು ತೀರ್ಮಾನವಾಗಿದೆ. ಮಾರಿಸಿಕೊಡುವ ರಿಯಲ್ಟರ್ ಬೆಂಗಳೂರಿನ ಹುಡುಗಿ, ಚುರುಕು. ಮೊನ್ನೆ ಬಂದವಳು ಗೋಡೆಯ ಫೋಟೋಗಳನ್ನು ಇಳಿಸಿದಳು, ದೇವರನ್ನು ಕಪಾಟಿನೊಳಗೆ ಕಳಿಸಿದಳು, ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಆಂಟಿ, ಎರಡು ವಾರ ಒಗ್ಗರಣೆ ಬೇಡ, ಪ್ಲೀಸ್. ಬೈಯರ್ಸ್ ಬಂದಾಗ ಮನೇಲಿ ಏನೂ ಸ್ಮೆಲ್ ಇರಬಾರದು. ಹೊರಗಡೆ ತಿನ್ಕೊಂಡುಬಿಡಿ” ಎಂದಳು. ನಾನು ಆಗಲೆಂದು ತಲೆಯಾಡಿಸಿದೆ. ಇವತ್ತು ಫ್ರೀಜರಿನಲ್ಲಿ ಬಟಾಣಿ ಹುಡುಕುವಾಗ ಒಣ ಸಿಗಡಿಯ ಪೊಟ್ಟಣ ಕೈಗೆ ಸಿಕ್ಕಿತು. ಗಂಟು ಬಿಚ್ಚಿದ್ದಷ್ಟೇ, ಹುರಿಯುವ ಮೊದಲೇ ಅದು ಅಡುಗೆಮನೆಯನ್ನು ಹಿಡಿದುಕೊಂಡಿತು. ಗಂಟು ಮತ್ತೆ ಕಟ್ಟಲೋ, ಬಾಣಲೆ ಇಡಲೋ ಎಂದು ನಿಂತವಳಿಗೆ ಸ್ವೀ ಲಾನ್ ನೆನಪಾದಳು. ನೀವೂ ಒಂದು ಕುರ್ಚಿ ಎಳೆದುಕೊಳ್ಳಿ.

ಎಂಬತ್ತರ ದಶಕದ ನಡುಭಾಗ. ಮದುವೆಯಾಗಿ ಮುಲ್ಕಿಯಿಂದ ಮೌಂಟನ್ ವ್ಯೂಗೆ ಬಂದಿದ್ದೆ. ನಮ್ಮವರಿಗೆ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಕೆಲಸ, ನನಗೆ ಕೆಲಸ ಮಾಡಕೂಡದೆಂಬ ವೀಸಾ. ಮೇಲಿನ ಅಂತಸ್ತಿನ ಬಾಡಿಗೆ ಅಪಾರ್ಟ್‌ಮೆಂಟು, ಕೆಳಗೆ ಕಾರು ನಿಲ್ಲಿಸುವ ಜಾಗ, ಅದರಾಚೆ ಯಾರೋ ಹಟಮಾರಿ ಇನ್ನೂ ಮಾರದೆ ಇಟ್ಟುಕೊಂಡಿದ್ದ ಏಪ್ರಿಕಾಟ್ ತೋಟದ ತುಂಡು. ಆಗ ನಮ್ಮ ಜನಕ್ಕೆ ತಮ್ಮ ಅಡುಗೆಯ ವಾಸನೆಯೆಂದರೆ ಏನೋ ಅಪರಾಧ ಮಾಡಿದ ಭಾವ. ಅಮೆರಿಕನ್ನರು ಯಾರಾದರೂ ಮನೆಗೆ ಬರುತ್ತಾರೆಂದರೆ ನೀರಿಗೆ ಚಕ್ಕೆ ಹಾಕಿ ಕುದಿಸಿ ಒಗ್ಗರಣೆಯ ವಾಸನೆ ಓಡಿಸುತ್ತಿದ್ದೆವು. ಮಸಾಲೆಯ ವಾಸನೆ ಮುಚ್ಚಲು ಮಸಾಲೆಯನ್ನೇ ಕುದಿಸಿದ ಬುದ್ಧಿವಂತರು ನಾವು.

ಇನ್ನು ಗಂಜಿ. ನಮ್ಮ ಕಡೆ ಕುಚ್ಚಲಕ್ಕಿಯ ಗಂಜಿ ಉಣ್ಣದ ಮನೆ ಕಡಿಮೆ, ಉಂಡೆವೆಂದು ಪರವೂರಿನಲ್ಲಿ ಹೇಳಿಕೊಳ್ಳುವ ಮನೆ ಅದಕ್ಕಿಂತ ಕಡಿಮೆ. ಅತಿಥಿಗಳ ಚಪ್ಪಲಿ ಸದ್ದು ಕೇಳಿದೊಡನೆ ಅಮ್ಮ ಬಟ್ಟಲನ್ನು ಒಳಗೆ ಸರಿಸಿ, ಬಂದವರಿಗೆ ಉಪ್ಪಿಟ್ಟು ಕೆದಕಲು ಹೊರಡುತ್ತಿದ್ದಳು. ಯಾಕೆಂದರೆ ಕನ್ನಡದಲ್ಲಿ ಬಡವನನ್ನು ಬಣ್ಣಿಸಬೇಕಾದರೆ ಮೊದಲು ಬಾಯಿಗೆ ಬರುವುದೇ ‘ಗಂಜಿಗೂ ಗತಿಯಿಲ್ಲ’ ಎಂಬ ಮಾತು. ನಮ್ಮವರಂತೂ ವಿಮಾನ ಇಳಿದ ದಿನವೇ ಗಂಜಿ ಬಿಟ್ಟು ಕಾರ್ನ್‌ಫ್ಲೇಕ್ಸ್ ಹಿಡಿದವರು. ನನಗೆ ಬಿಡಲಾಗಲಿಲ್ಲ. ಊರಿನಿಂದ ಬರುವ ಯಾರದಾದರೂ ಸೂಟ್‌ಕೇಸಿನಲ್ಲಿ ಅಮ್ಮ ಬಟ್ಟೆಯ ಚೀಲದಲ್ಲಿ ಕೆಂಪು ಕುಚ್ಚಲಕ್ಕಿ ತುಂಬಿ ಕಳಿಸುತ್ತಿದ್ದಳು. ಅದು ಇಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಿಡಿ ಹಿಡಿಯಾಗಿ ಬಳಸಿ, ನಮ್ಮವರು ಆಫೀಸಿಗೆ ಹೋದ ಮೇಲೆ ಒಬ್ಬಳೇ ಉಣ್ಣುತ್ತಿದ್ದೆ. ಮುಂದಿನ ಚೀಲ ಯಾವಾಗ ಬರುತ್ತದೋ ದೇವರಿಗೂ ಗೊತ್ತಿರುತ್ತಿರಲಿಲ್ಲ.

ಹಾಗೆ ಒಂದು ದಿನ ಗಂಜಿಯೂ ಸಿಗಡಿ ಚಟ್ನಿಯೂ ಮುಂದಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮನ ಮಗಳಲ್ಲವೇ, ಬಟ್ಟಲನ್ನು ಎತ್ತಿ ಓವನ್ನಿನೊಳಗೆ ಇಟ್ಟೆ. ನಮ್ಮಲ್ಲಿ ಓವನ್ ಎಂದರೆ ಪಾತ್ರೆ ಇಡುವ ಕಪಾಟು ತಾನೆ. ಬಾಗಿಲಲ್ಲಿ ಕೆಳಗಿನ ಮನೆಗೆ ಹೊಸದಾಗಿ ಬಂದ ಚೀನೀ ಮುಖದ ಹೆಂಗಸು ನಿಂತಿದ್ದಳು. ಹೆಸರು ಸ್ವೀ ಲಾನ್, ಊರು ಮಲೇಷ್ಯಾದ ಈಪೋ, ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ, ಗಂಡ ಇನ್ನೂ ಓದುತ್ತಿದ್ದಾನೆ ಎಂಬುದೆಲ್ಲ ಒಂದೇ ಉಸಿರಿನಲ್ಲಿ ತಿಳಿಯಿತು. ವಾಸನೆಯ ದೂರು ಹೇಳಲು ಬಂದಿದ್ದಾಳೆಂದು ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವಳು ಕೇಳಲೇ ಇಲ್ಲ. ಮೂಗು ಹೇಳಿದ ದಾರಿಯಲ್ಲಿ ನೇರವಾಗಿ ಓವನ್ನಿನ ಬಳಿ ಹೋಗಿ ಬಾಗಿಲು ತೆಗೆದಳು. ಗಂಜಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಇದನ್ನು ಬೇಕ್ ಮಾಡುತ್ತೀಯಾ ಎಂದು ಕೇಳಿದಳು. ಆಮೇಲೆ ಇಬ್ಬರೂ ಅದೇ ಗಂಜಿಯನ್ನು ಹಂಚಿಕೊಂಡೆವು.

ಅವಳ ಇಂಗ್ಲಿಷಿನ ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಲಾ’ ಇರುತ್ತಿತ್ತು, ನಮ್ಮ ‘ಮಾರಾಯ್ತಿ’ಯ ಹಾಗೆ. ಈ ದೇಶದಲ್ಲಿ ಎದುರು ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಾರೆ. ಸ್ವೀ ಲಾನ್ ಮಾತ್ರ ಕೆಳಗಿನಿಂದಲೇ ಕತ್ತೆತ್ತಿ ಉಂಡೆಯಾ ಎಂದು ಕೂಗಿ ಕೇಳುತ್ತಿದ್ದಳು, ಉತ್ತರಕ್ಕೂ ನಿಲ್ಲುತ್ತಿದ್ದಳು. ಅವರ ಊರಲ್ಲಿ ಕುಶಲ ವಿಚಾರಿಸುವುದೇ ಹೀಗಂತೆ. ನಮ್ಮೂರಲ್ಲೂ ಅದೇ ಅಲ್ಲವೇ? ಊರು ಬಿಟ್ಟ ಮೇಲೆ ಸರಿಯಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಮೊದಲ ವ್ಯಕ್ತಿ ಅವಳು.

ಒಂದು ಶುಕ್ರವಾರ ಸಂಜೆ ಬಂದು, ಹೊರಗೆ ಉಣ್ಣೋಣ ನಡಿ ಎಂದಳು. ಸೀರೆ ಉಟ್ಟು ಬರುತ್ತೇನೆ ಎಂದೆ. ಯಾಕೆ, ಯಾರ ಮದುವೆ ಎಂದು ಕೇಳಿದಳು. ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಮೇಲೆ ಮನೆಯಲ್ಲಿ ಹಾಕುವ ಹೂವಿನ ಅಂಗಿ. ನಾನು ಬೆಳೆದ ಕಾಲದಲ್ಲಿ ಹೋಟೆಲಿಗೆ ಹೋಗುವುದೆಂದರೆ ಸಣ್ಣ ಸಂಗತಿಯಲ್ಲ. ಅಪ್ಪ ಜೊತೆಗಿರಬೇಕು, ಪರದೆ ಬಿಟ್ಟ ಫ್ಯಾಮಿಲಿ ರೂಮಿನಲ್ಲಿ ಕೂರಬೇಕು, ಮಸಾಲೆ ದೋಸೆ ತಿಂದು ಸದ್ದಿಲ್ಲದೆ ಏಳಬೇಕು. ಪದೇ ಪದೇ ಹೋಟೆಲಿಗೆ ಹೋಗುವ ಸೊಸೆ ಅಡುಗೆ ಬಾರದವಳೆಂದೇ ಲೆಕ್ಕ. ಸ್ವೀ ಲಾನ್‌ಗೆ ಇದನ್ನೆಲ್ಲ ವಿವರಿಸಿದರೆ ಅರ್ಥವೇ ಆಗಲಿಲ್ಲ. ಅವರಲ್ಲಿ ಹೊರಗೆ ಉಣ್ಣುವುದೆಂದರೆ ಪಕ್ಕದ ಕೋಣೆಗೆ ಹೋದ ಹಾಗಂತೆ. ಬೆಳಗ್ಗೆ ಒಂದು ಗಾಡಿ, ಸಂಜೆ ಇನ್ನೊಂದು. ಮನೆಯಲ್ಲಿ ಅನ್ನ ಬೆಂದಿದ್ದರೂ ಸಾರು ಬೀದಿಯಿಂದ ಬರಬಹುದು, ಯಾರೂ ಏನೂ ಅನ್ನುವುದಿಲ್ಲ. ನಾನು ಸೀರೆಯನ್ನು ಬದಿಗಿಟ್ಟು ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಹೊರಟೆ. ಇವತ್ತಿಗೂ ಅದು ನಾನು ಮಾಡಿದ ದೊಡ್ಡ ಸಾಹಸಗಳಲ್ಲಿ ಒಂದು.

ಸ್ಯಾನ್ ಹೋಸೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳ ಅಂಗಡಿಯ ಪಕ್ಕದಲ್ಲಿ ಮಲೇಷ್ಯಾದ ಪೆನಾಂಗಿನ ಗಂಡಹೆಂಡತಿ ನಡೆಸುತ್ತಿದ್ದ ಪುಟ್ಟ ಹೋಟೆಲು ಅದು. ಜನ ಮೆಷಿನ್ನಿಗೆ ಬಟ್ಟೆ ಹಾಕಿ ಬಂದು, ಒಗೆದು ಮುಗಿಯುವವರೆಗೆ ಉಣ್ಣುತ್ತಿದ್ದರು. ಅಪರಿಚಿತರ ಮೇಜಿನಲ್ಲೇ ನಮಗೂ ಜಾಗ ಸಿಕ್ಕಿತು. ಬಂದದ್ದು ಏನು ಹೇಳಿ? ಗಂಜಿ. ಬಿಳಿ ಅಕ್ಕಿಯ ಬಿಸಿ ಗಂಜಿ, ಸುತ್ತ ಸಣ್ಣ ಸಣ್ಣ ತಟ್ಟೆಗಳಲ್ಲಿ ಉಪ್ಪಿನಲ್ಲಿಟ್ಟ ಸೊಪ್ಪು, ಕಡಲೆಬೀಜದ ಜೊತೆ ಹುರಿದ ಸಣ್ಣ ಒಣಮೀನು, ಮೆಣಸಿನ ಚಟ್ನಿ. ಆ ಚಟ್ನಿಗೆ ಅವರು ಬೆಲಚಾನ್ ಎಂಬ ಸಿಗಡಿಯ ಗಟ್ಟಿಯನ್ನು ಸುಟ್ಟು ಕುಟ್ಟಿ ಹಾಕುತ್ತಾರೆ. ಅದರ ಮುಂದೆ ನನ್ನ ಒಣಸಿಗಡಿ ಮಲ್ಲಿಗೆ ಹೂವು. ಎದುರಿಗೆ ಟೈ ಕಟ್ಟಿದ ಒಬ್ಬಾತ ಎರಡನೆಯ ಬಟ್ಟಲು ಗಂಜಿಯನ್ನು ಗಟ್ಟಿಯಾಗಿಯೇ ಕೇಳಿ ಹಾಕಿಸಿಕೊಂಡ. ನಮ್ಮಲ್ಲಿ ಇದನ್ನು ಬಚ್ಚಿಡುತ್ತಾರೆ ಎಂದೆ. ಸ್ವೀ ಲಾನ್ ನಕ್ಕಳು. ಅವಳ ಊರಲ್ಲಿ ಒಳ್ಳೆಯ ಗಂಜಿಯಂಗಡಿಯ ಮುಂದೆ ಬ್ಯಾಂಕಿನ ಮ್ಯಾನೇಜರೂ ಊಟದ ಕ್ಯಾರಿಯರ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನಂತೆ. ನಾನು ಬಟ್ಟಲಿನ ತಳದವರೆಗೂ ಉಂಡೆ. ಒಳಗೊಳಗೇ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಆಗ ತಿಳಿಯಲಿಲ್ಲ.

ಆಮೇಲೆ ನಮ್ಮಿಬ್ಬರ ಅಡುಗೆಮನೆಗಳು ಒಂದಾದವು. ತೆಂಗಿನಹಾಲಿನಲ್ಲಿ ಅನ್ನ ಬೇಯಿಸುವುದನ್ನು ಅವಳು ಕಲಿಸಿದಳು, ಹುರುಳಿ ಚಟ್ನಿಯನ್ನು ನಾನು. ಅವಳು ಬೆಲಚಾನ್ ಸುಡುವಾಗ ಬಾಗಿಲನ್ನು ಹಾರುಹೊಡೆದು ಇಡುತ್ತಿದ್ದಳು. ಯಾರಾದರೂ ಮೂಗು ಮುಚ್ಚಿಕೊಂಡು ಹೋದರೆ ಅವರನ್ನೂ ಉಂಡಿರಾ ಎಂದು ಕೇಳುವಷ್ಟು ಧೈರ್ಯ ಅವಳಿಗಿತ್ತು.

ಆಗ ನಮ್ಮ ಕನ್ನಡದ ಸಂಸಾರಗಳು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದವು. ಹೆಸರಿಗೆ ಸ್ನೇಹಕೂಟ, ನಡೆಯುತ್ತಿದ್ದುದು ಊಟದ ಪೈಪೋಟಿ. ಒಬ್ಬರು ಎರಡು ಸಿಹಿ ಮಾಡಿದರೆ ಮುಂದಿನವರು ಮೂರು. ಪೈಪೋಟಿಯ ಮಹಾರಾಣಿ ಪ್ರಮೀಳಾ, ಡಾಕ್ಟರರ ಹೆಂಡತಿ, ಬೆಂಗಳೂರಿನವರು. ಅವರ ಮನೆಯ ಸರದಿಯ ದಿನ ನಾನು ಬಾತ್‌ರೂಮಿನಿಂದ ಹೊರಬರುವಾಗ ಅವರ ಮಾತು ಕಿವಿಗೆ ಬಿತ್ತು: “ಪಾಪ, ಅಮೇರಿಕಾಗೆ ಬಂದೂ ಅವ್ರ ಮನೇಲಿ ಗಂಜೀನೇ ಅಂತೆ. ಚೀನಾದವಳ ಜೊತೆ ಕೂತ್ಕೊಂಡು ಕುಡೀತಾರಂತೆ.” ನಾಲ್ಕು ಜನ ನಕ್ಕರು. ನಮ್ಮವರೂ ಅಲ್ಲೇ ನಿಂತಿದ್ದರು. ಅವರು ನಗಲಿಲ್ಲ. ಆದರೆ, ಇಲ್ಲ ಇಲ್ಲ, ಅದೆಲ್ಲ ಸುಳ್ಳು ಎಂದರು.

ಸಿಟ್ಟು ಯಾರ ಮೇಲೆಂದು ಆ ಕ್ಷಣ ತಿಳಿಯಿತು: ಬಚ್ಚಿಡುವ ನಮ್ಮ ಮೇಲೆಯೇ. ಮುಂದಿನ ತಿಂಗಳ ಸರದಿ ನಮ್ಮದು. ಮನೆಗೆ ಬಂದವಳೇ, ಎಲ್ಲರಿಗೂ ಗಂಜಿ ಎಂದುಬಿಟ್ಟೆ. ನಮ್ಮವರು ತಮಾಷೆಯೆಂದುಕೊಂಡರು, ಆಮೇಲೆ ಬೇಡಿಕೊಂಡರು, ಕೊನೆಗೆ ರೇಗಿದರು. ಕೂಟದ ಕಾರ್ಯದರ್ಶಿ ಸ್ಥಾನಕ್ಕೆ ಅವರ ಹೆಸರು ಓಡಾಡುತ್ತಿತ್ತು. ಡಾಕ್ಟರು ಒಂದು ಮಾತು ಹೇಳಿದರೆ ಮುಗಿಯಿತು.

“ನನ್ನ ಮರ್ಯಾದೆ ತೆಗೀಬೇಡ ಮಾರಾಯ್ತಿ” ಎಂದರು.

“ನಾನು ದಿನಾ ಉಣ್ಣುವುದು ನಿಮಗೆ ಮರ್ಯಾದೆ ಅಲ್ಲ ಅಂತಾದ್ರೆ, ನಾನೂ ಅಲ್ಲ” ಎಂದೆ.

ಸ್ವೀ ಲಾನ್ ಒಂದು ಉಪಾಯ ಹೇಳಿದಳು. ಅಷ್ಟು ಜನಕ್ಕೆ ಬಿಳಿ ಅಕ್ಕಿಯದನ್ನೇ ಮಾಡು, ನಿನ್ನ ಕೆಂಪಕ್ಕಿ ಉಳಿಸಿಕೋ, ಅದು ಮುಗಿದರೆ ನೀನೇನು ಉಣ್ಣುತ್ತೀಯೆ ಎಂದಳು. ಮಾತು ನಿಜ. ಚೀಲದ ತಳ ಕಾಣಿಸುವಷ್ಟು ಬೇಕಿತ್ತು, ಮತ್ತೊಂದು ಚೀಲದ ಸುದ್ದಿಯೇ ಇರಲಿಲ್ಲ. ಆದರೆ ನಕ್ಕದ್ದು ಯಾವ ಗಂಜಿಗೋ ಬಡಿಸುವುದೂ ಅದನ್ನೇ ಎಂದು ಹಟ ಹಿಡಿದೆ. ಚೀಲವನ್ನು ಪಾತ್ರೆಗೆ ಕೊಡವುವಾಗ ಅಳು ಬಂದದ್ದು ಸುಳ್ಳಲ್ಲ.

ಆ ಶನಿವಾರ ಒಳಗಿನ ಮೇಜಿನ ಮೇಲೆ ಗಂಜಿ, ಹುರುಳಿ ಚಟ್ನಿ, ಹೆಸರುಕಾಳಿನ ಪಲ್ಯ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಶಾಕಾಹಾರಿಗಳಿಗೆ ಕಿರಿಕಿರಿಯಾಗಬಾರದೆಂದು ಸಿಗಡಿ ಚಟ್ನಿಯೂ ಸ್ವೀ ಲಾನ್ ಹುರಿದ ಒಣಮೀನೂ ಹೊರಗೆ ಬಾಲ್ಕನಿಯಲ್ಲಿ. ಚಕ್ಕೆ ಕುದಿಸಲಿಲ್ಲ. ನಾನು ಸೀರೆ ಉಡಲಿಲ್ಲ. ಜನ ಬಂದರು, ಪಾತ್ರೆಯ ಮುಚ್ಚಳ ತೆಗೆದರು, ಮುಚ್ಚಿದರು. ಇನ್ನೇನೋ ಬರಲಿದೆಯೆಂದು ಕಾದರು. ಏನೂ ಬರಲಿಲ್ಲ. ನಮ್ಮವರು ಕಿಟಕಿಯ ಬಳಿ ನಿಂತು, ಏಪ್ರಿಕಾಟ್ ಮರಗಳನ್ನು ಮೊದಲ ಬಾರಿಗೆ ಕಂಡವರ ಹಾಗೆ ನೋಡುತ್ತಿದ್ದರು.

ಪ್ರಮೀಳಾ ಖಾಲಿ ಬಟ್ಟಲು ಹಿಡಿದು, ಎಲ್ಲರಿಗೂ ಕೇಳುವಂತೆ, “ಏನ್ರೀ ಇದು, ಗಂಜಿಗೂ ಗತಿ ಇಲ್ದೋರನ್ನ ಕರೆದ ಹಾಗಿದೆ” ಎಂದರು, ನಗುತ್ತಲೇ.

ನಾನೂ ನಗುತ್ತಲೇ ಸೌಟು ಎತ್ತಿದೆ. “ಗಂಜಿಗೆ ಗತಿ ಉಂಟು ಅಂತಲೇ ಬಡಿಸ್ತಾ ಇದ್ದೇನೆ ಪ್ರಮೀಳಾ. ಇಲ್ಲದಿದ್ರೆ ಪಿಜ್ಜಾ ತರಿಸ್ತಿದ್ದೆ. ಈ ಅಕ್ಕಿ ನಿಮ್ಮ ಡಾಕ್ಟರು ಎಷ್ಟು ದುಡ್ಡು ಕೊಟ್ಟರೂ ಈ ಊರಲ್ಲಿ ಸಿಗ್ಲಿಕ್ಕಿಲ್ಲ.”

ಎಲ್ಲರೂ ಚಪ್ಪರಿಸಿ ಉಂಡು ನನ್ನನ್ನು ಹೊಗಳಿದರೆಂದು ನೀವು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ, ಹಾಗಾಗಲಿಲ್ಲ. ಪ್ರಮೀಳಾ ಬಟ್ಟಲನ್ನು ಹಾಗೆಯೇ ಇಟ್ಟು ಹೊರಟರು, ಅವರ ಬೆನ್ನಿಗೆ ಇನ್ನೆರಡು ಸಂಸಾರಗಳು ಹೊರಟವು. ಉಳಿದವರಲ್ಲಿ ಕೆಲವರು ಸಂಕೋಚಕ್ಕೆ ಉಂಡರು. ಧಾರವಾಡದ ಒಬ್ಬರು ಮಾತ್ರ ತಮ್ಮಲ್ಲೂ ನುಚ್ಚು ಮಜ್ಜಿಗೆಯನ್ನು ಹೀಗೇ ಬಚ್ಚಿಡುತ್ತಿದ್ದರೆಂದು ಹೇಳಿ ಬಾಲ್ಕನಿಯ ಬಳಿ ಕುಳಿತು ಮೂರು ಸಲ ಹಾಕಿಸಿಕೊಂಡರು. ಕಾರ್ಯದರ್ಶಿ ಸ್ಥಾನ ಬೇರೆಯವರ ಪಾಲಾಯಿತು. ಆ ಚಳಿಗಾಲವೆಲ್ಲ ನಮಗೆ ಯಾರ ಮನೆಯಿಂದಲೂ ಕರೆ ಬರಲಿಲ್ಲ. ನನಗೆ ಗಂಜಿಯೂ ಇರಲಿಲ್ಲ, ಗೆಳತಿಯರೂ ಇರಲಿಲ್ಲ, ಸ್ವೀ ಲಾನ್ ಒಬ್ಬಳನ್ನು ಬಿಟ್ಟರೆ. ಬೇಸರವಾಗಲಿಲ್ಲವೇ ಅಂದರೆ ಆಯಿತು. ಪಶ್ಚಾತ್ತಾಪ ಮಾತ್ರ ಒಂದು ದಿನವೂ ಆಗಲಿಲ್ಲ.

ನಮ್ಮವರು ಕೆಲವು ದಿನ ಮಾತು ಬಿಟ್ಟರು. ಆಮೇಲೊಂದು ಶುಕ್ರವಾರ ನಾವಿಬ್ಬರೂ ಸ್ಯಾನ್ ಹೋಸೆಗೆ ಹೊರಟಾಗ ತಾವೂ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು, ಆಫೀಸಿನ ಟೈ ಬಿಚ್ಚದೆ. ಹೋಟೆಲಿನಲ್ಲಿ ಗಂಜಿಯ ಮೊದಲ ಗುಟುಕಿಗೆ ಕಣ್ಣು ಮುಚ್ಚಿಕೊಂಡರು. ತುಳುವಿನಲ್ಲಿ, ತಾಯಿ ಗದ್ದೆಗೆ ಬುತ್ತಿಯಾಗಿ ತರುತ್ತಿದ್ದ ಗಂಜಿಗೆ ಇದಕ್ಕಿಂತ ಉಪ್ಪು ಹೆಚ್ಚಿರುತ್ತಿತ್ತು ಎಂದರು. ಅವರ ತಾಯಿ ಇನ್ನೊಬ್ಬರ ಗದ್ದೆಯಲ್ಲಿ ಕೂಲಿಗೆ ಭತ್ತದ ನೇಜಿ ನೆಟ್ಟವರೆಂದು ನನಗೆ ಗೊತ್ತಾದದ್ದು ಆ ಮೇಜಿನಲ್ಲಿ. ಕ್ಷಮೆಯನ್ನೇನೂ ಕೇಳಲಿಲ್ಲ. ಎರಡನೆಯ ಬಟ್ಟಲು ಕೇಳಿದರು.

ಸ್ವೀ ಲಾನ್ ಗಂಡನ ಓದು ಮುಗಿದ ಮೇಲೆ ಈಪೋಗೆ ಮರಳಿದಳು. ಈಗಲೂ ಫೋನು ಮಾಡುತ್ತಾಳೆ. ಕುಚ್ಚಲಕ್ಕಿಯೂ ಈಗ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಅಕ್ಕಿ ಬಂತು, ಹೆದರಿಕೆ ಹೋಗಲಿಲ್ಲ. ಇಲ್ಲದಿದ್ದರೆ ನನ್ನ ಮಗಳ ವಯಸ್ಸಿನ ಹುಡುಗಿ ನನ್ನ ಅಡುಗೆಮನೆಯಲ್ಲೇ ನಿಂತು ಒಗ್ಗರಣೆ ಬೇಡವೆನ್ನುವುದೂ, ನಾನು ತಲೆಯಾಡಿಸುವುದೂ ಹೇಗಾಗುತ್ತಿತ್ತು? ತಲೆ ಆಡಿತು, ಆಡಿದ್ದಕ್ಕೆ ನಾಚಿಕೆಯಾಯಿತು. ಬಾಣಲೆ ಇಟ್ಟೆ. ಸಿಗಡಿ ಕಾದು ಚಟಪಟ ಅಂದಿತು, ಒಣಮೆಣಸು ಬಿತ್ತು, ಹೊಗೆಯೆದ್ದು ಗೋಡೆಯ ಅಲಾರ್ಮ್ ಕಿರುಚಿಕೊಂಡಿತು. ಪಕ್ಕದ ಕೋಣೆಯಿಂದ ನಮ್ಮವರು ಕೋಲೂರಿಕೊಂಡು ಬಂದರು. ನಾಳೆ ಮನೆ ನೋಡಲು ಜನ ಬರುತ್ತಾರೆಂದು ನೆನಪಿಸಲು ಬಂದರೆಂದುಕೊಂಡೆ. ಟವೆಲ್ ಬೀಸಿ ಅಲಾರ್ಮನ್ನು ಸುಮ್ಮನಾಗಿಸಿದರು, ಬಾಣಲೆಯನ್ನು ನೋಡಿದರು, ಫೋನು ತೆಗೆದು ರಿಯಲ್ಟರ್ ಹುಡುಗಿಗೆ ಕರೆ ಮಾಡಿದರು.

“ನಾಳೆ ಅವರನ್ನು ಊಟದ ಹೊತ್ತಿಗೇ ಕರ್ಕೊಂಡು ಬಾ ಮಗಾ. ನಮ್ಮಲ್ಲಿ ಗಂಜಿ ಊಟ. ಹಸಿದುಕೊಂಡು ಬರ್ಲಿಕ್ಕೆ ಹೇಳು.”

ಆ ಕಡೆಯಿಂದ ಅವಳು ಏನೋ ಹೇಳುತ್ತಲೇ ಇದ್ದಳು. ನಾನು ಅಟ್ಟದಿಂದ ದೊಡ್ಡ ಪಾತ್ರೆಯನ್ನು ಇಳಿಸಿದೆ.